ಸವೆದ ಅಲಗು

ನೆದರ್ಲೆಂಡ್ಸ್‌ನಲ್ಲಿ ಏಪ್ರಿಲ್ 27 ದೊರೆಯ ಹುಟ್ಟುಹಬ್ಬದ ರಜೆ. ಅವತ್ತು ಅಂಗಡಿ ಇಲ್ಲದವರೂ ಬೀದಿಯಲ್ಲಿ ಕಂಬಳಿ ಹಾಸಿಕೊಂಡು ಮನೆಯ ಹಳೇ ಸಾಮಾನು ಮಾರಬಹುದು. ಮಕ್ಕಳು ಆಟಿಕೆ ಮಾರುತ್ತಾರೆ, ಅಜ್ಜಿಯರು ಪಿಂಗಾಣಿ ತಟ್ಟೆ ಜೋಡಿಸಿಡುತ್ತಾರೆ, ಅಜ್ಜಂದಿರು ಗ್ಯಾರೇಜಿನಲ್ಲಿದ್ದ ಡಬ್ಬಿಗಳನ್ನು ಇದ್ದ ಹಾಗೇ ತಂದು ಸುರಿಯುತ್ತಾರೆ. ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿ ಆ ಡಬ್ಬಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಳೆ, ಬೀಗದ ಕೈ, ಸೈಕಲ್ ಬೆಲ್ಲುಗಳ ನಡುವೆ ಕೈಯಾಡಿಸುವ ಕನ್ನಡಿಗರೊಬ್ಬರಿದ್ದಾರೆ. ಅವರು ಹುಡುಕುವುದು ಮಡಚುವ ಚಾಕು. ಹೊಸದಲ್ಲ. ಆದಷ್ಟೂ ಹಳೆಯದು, ಸಿಕ್ಕರೆ ಸವೆದು ಸಣ್ಣಗಾದದ್ದು.

ಬೆಸ್ಟ್ ಸುಮಾರು 30,000 ಜನರ ಊರು. ಫಿಲಿಪ್ಸ್ ಕಂಪನಿಯ ವೈದ್ಯಕೀಯ ಯಂತ್ರಗಳ ದೊಡ್ಡ ಕೇಂದ್ರ ಇಲ್ಲಿದೆ. ಚಿಪ್ ತಯಾರಿಕೆಯ ಯಂತ್ರಗಳ ಎಎಸ್‌ಎಂಎಲ್ ಹತ್ತಿರದ ವೆಲ್ಡ್‌ಹೋವನ್‌ನಲ್ಲಿದೆ. ಬೆಂಗಳೂರಿನಿಂದ ಇತ್ತ ಕಡೆ ಬಂದು ಬಾಡಿಗೆ ಮನೆ ಹುಡುಕುವ ಎಂಜಿನಿಯರುಗಳಿಗೆ ಬೆಸ್ಟ್ ಒಗ್ಗುತ್ತದೆ: ರೈಲಿದೆ, ಗದ್ದಲ ಕಡಿಮೆ. ನಮ್ಮ ಸಂಗ್ರಾಹಕರು ಹಾಗೆ ಬಂದವರೇ. ಹುಟ್ಟಿದ್ದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ. ಹಗಲು ಅವರು ನೋಡುವುದು ಕೂದಲಿನ ದಪ್ಪಕ್ಕಿಂತ ಸಾವಿರಾರು ಪಾಲು ಸಣ್ಣ ಅಳತೆಗಳ ಲೋಕ. ಸಂಜೆ ಮನೆಗೆ ಬಂದು, ಯಾರೋ ರೈತ ಮೂವತ್ತು ವರ್ಷ ಹಗ್ಗ ಕೊಯ್ದ ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

ಈ ಸೀಮೆಯ ಡಬ್ಬಿಗಳಲ್ಲಿ ಏನು ಸಿಗುತ್ತದೆ ಎಂಬುದಕ್ಕೆ ಒಂದು ಅಂದಾಜು ಇದೆ. ಅಲ್ಯೂಮಿನಿಯಂ ಹಿಡಿಯ ಸೈನ್ಯದ ಚಾಕುಗಳು ಸಿಗುತ್ತವೆ. ಕಡ್ಡಾಯ ಸೈನಿಕ ಸೇವೆ ಮುಗಿಸಿ ಬಂದವರ ಡ್ರಾಯರಿನಿಂದ ಹೊರಬಿದ್ದವು. ಅವುಗಳಲ್ಲಿ ಕೆಲವು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನವು, ಕೆಲವು ಆಪೆಲ್‌ಡೋರ್ನ್ ಊರಿನಲ್ಲಿ 1931ರಲ್ಲಿ ಶುರುವಾದ ಆಮೆಫಾ ಕಾರ್ಖಾನೆಯವು. ಫ್ರಾನ್ಸಿಗೆ ರಜೆಗೆ ಹೋದವರು ತಂದ ಒಪಿನೆಲ್ ಚಾಕು ಸಿಗುತ್ತದೆ. ಬೀಚ್ ಮರದ ಹಿಡಿ, ಅಲಗಿನ ಬುಡದಲ್ಲಿ ಕಿರೀಟ ತೊಟ್ಟ ಕೈಯ ಗುರುತು. 1955ಕ್ಕೆ ಮೊದಲಿನದಾದರೆ ಅಲಗು ಮಡಚದಂತೆ ತಡೆಯುವ ತಿರುಗುವ ಉಂಗುರ ಅದರಲ್ಲಿರುವುದಿಲ್ಲ. ಜರ್ಮನಿಯ ಜೋಲಿಂಗನ್‌ನಿಂದ ಬಂದವಂತೂ ಲೆಕ್ಕವಿಲ್ಲ. ಇಲ್ಲಿಯ ಅಡುಗೆಮನೆಗಳಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುವ, ಗಾಳಿಗಿರಣಿಯ ಮುದ್ರೆಯ ಪುಟ್ಟ ಚಾಕುವನ್ನು ಡಚ್ಚರು ತಮ್ಮದೇ ಎಂಬಷ್ಟು ಪ್ರೀತಿಸುತ್ತಾರೆ. ಅದೂ ಜೋಲಿಂಗನ್‌ನದೇ, 1872ರಲ್ಲಿ ಶುರುವಾದ ರಾಬರ್ಟ್ ಹೆರ್ಡರ್ ಕಂಪನಿಯದು.

ಒಮ್ಮೆ ಕಂಬಳಿ ಹಾಸಿ ಕೂತಿದ್ದ ಒಬ್ಬ ಹಿರಿಯರು ತಮ್ಮ ಬಾಲ್ಯದ ಚಾಕುವನ್ನು ಕೊಡುವ ಮೊದಲು ಒಂದು ಆಟ ಹೇಳಿಕೊಟ್ಟರು. ಹದವಾದ ಮಣ್ಣಿನ ಮೇಲೆ ಒಂದು ಚೌಕ ಬರೆಯುವುದು. ಇಬ್ಬರಿಗೂ ಅರ್ಧರ್ಧ ಜಮೀನು. ಎದುರಾಳಿಯ ಜಮೀನಿಗೆ ಚಾಕು ಎಸೆದು ನೆಡಿಸಬೇಕು. ನೆಟ್ಟರೆ, ಅಲಗು ಯಾವ ದಿಕ್ಕಿಗೆ ನಿಂತಿದೆಯೋ ಆ ಗೆರೆಯಲ್ಲಿ ಜಮೀನನ್ನು ಸೀಳಿ ಒಂದು ತುಂಡನ್ನು ತನ್ನದಕ್ಕೆ ಸೇರಿಸಿಕೊಳ್ಳಬಹುದು. ನಿಲ್ಲಲು ಒಂದು ಕಾಲೂರುವಷ್ಟು ಜಾಗವಿಲ್ಲದವನು ಸೋತ. ಸಮುದ್ರದಿಂದ ಅಂಗುಲ ಅಂಗುಲವಾಗಿ ನೆಲ ಕಿತ್ತುಕೊಂಡ ದೇಶದಲ್ಲಿ ಮಕ್ಕಳು ಇಂಥ ಆಟ ಆಡುವುದರಲ್ಲಿ ಆಶ್ಚರ್ಯವೇನಿಲ್ಲ. "ಆಗ ಪ್ರತಿ ಹುಡುಗನ ಕಿಸೆಯಲ್ಲೂ ಚಾಕು ಇರುತ್ತಿತ್ತು. ಈಗ ಇಟ್ಟುಕೊಂಡರೆ ಶಾಲೆಯಿಂದ ಮನೆಗೆ ಫೋನು ಬರುತ್ತದೆ" ಎಂದರು ಆ ಹಿರಿಯರು. ಚಾಕುವಿನ ಮೊನೆ ಮುಕ್ಕಾಗಿತ್ತು. ಎಷ್ಟೋ ಜಮೀನು ಗೆದ್ದ ಮೊನೆ ಅದು.

ಈ ಮಾತನ್ನು ಸಂಗ್ರಾಹಕರು ಅವತ್ತೇ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಚಾಕುವಿನ ಜೊತೆಗಿಟ್ಟರು. ಅಲ್ಲಿಂದ ಮುಂದೆ ಅವರ ಸಂಗ್ರಹದಲ್ಲಿ ಚಾಕು ಬಂತೆಂದರೆ ಚೀಟಿಯೂ ಬರಬೇಕು ಎಂಬುದು ನಿಯಮವಾಯಿತು. ಯಾರದ್ದು, ಯಾವ ಕೆಲಸಕ್ಕೆ ಬಳಸಿದ್ದು, ಯಾಕೆ ಕೊಟ್ಟರು. ಡಚ್ ಸರಿಯಾಗಿ ಹಿಡಿಯದೆ ಹೋದಾಗ ಇಲ್ಲಿಯ ಶಾಲೆಯಲ್ಲಿ ಓದುವ ಮಗಳು ನಡುವೆ ನಿಂತು ಕೇಳಿಕೊಡುತ್ತಾಳೆ. ತನಗೆ ನಾಚಿಕೆಯಾಗುತ್ತದೆ ಎಂದು ಗೊಣಗುತ್ತಲೇ ಕೇಳುತ್ತಾಳೆ.

ಚೀಟಿಯ ಹುಚ್ಚಿಗೆ ಮೂಲ ಬೆಸ್ಟ್‌ನಲ್ಲಿಲ್ಲ, ಸಿದ್ದಾಪುರದ ಅಜ್ಜನ ಕವಳದ ಸಂಚಿಯಲ್ಲಿದೆ.

ಆ ಸಂಚಿಯಲ್ಲಿ ಸುಣ್ಣದ ಡಬ್ಬಿ, ಹೊಗೆಸೊಪ್ಪು, ವೀಳ್ಯದೆಲೆ, ಒಂದು ಅಡಕತ್ತರಿ, ಒಂದು ಮಡಚುವ ಚಾಕು. ಅಡಕತ್ತರಿ ಗಟ್ಟಿ ಅಡಿಕೆಗೆ; ಚಾಕು ಉಳಿದ ಲೋಕದ ಎಲ್ಲ ಕೆಲಸಕ್ಕೆ. ಬಾಳೆನಾರು ಸೀಳುವುದು, ಮೊಮ್ಮಕ್ಕಳ ಪೆನ್ಸಿಲ್ ಹೆರೆಯುವುದು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವುದು, ಸೌತೆಕಾಯಿ ಹೆಚ್ಚಿ ಉಪ್ಪು ಸವರಿ ಕೊಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ಕಸಿ ಕಟ್ಟುವುದು. ಉಪ್ಪಿನಕಾಯಿಯ ಅಪ್ಪೆಮಿಡಿ ಮಾವು ಆ ಸೀಮೆಯ ಹೊಳೆಸಾಲಿನ ಕಾಡುಮರ. ಒಂದೊಂದು ಮರದ ಪರಿಮಳವೂ ಬೇರೆ. ಬೀಜ ಊರಿದರೆ ತಾಯಿಮರದ ಗುಣ ಬರುತ್ತದೆಂಬ ಖಾತ್ರಿ ಇಲ್ಲ, ಕಸಿಯೇ ಆಗಬೇಕು. ಕಸಿಯ ಗಿಡ ಬದುಕುವುದು ಕೊಯ್ತದ ಮೇಲೆ ನಿಂತಿದೆ. ಕಡ್ಡಿಯನ್ನು ಒಂದೇ ಎಳೆತಕ್ಕೆ ಓರೆಯಾಗಿ ಕೊಯ್ಯಬೇಕು, ಕೊಯ್ದ ಮೈ ಕನ್ನಡಿಯಷ್ಟು ಸಪಾಟಾಗಿರಬೇಕು, ತೊಗಟೆಯಡಿಯ ಹಸಿರು ಪದರ ಎರಡೂ ಕಡೆ ಒಂದಕ್ಕೊಂದು ತಾಗಬೇಕು. ಮೊಂಡು ಚಾಕು ಆ ಪದರವನ್ನು ಜಜ್ಜುತ್ತದೆ, ಗಿಡ ಹಿಡಿಯುವುದಿಲ್ಲ. ಅದಕ್ಕೇ ಅಜ್ಜ ಕಸಿಯ ದಿನ ಅಡಿಕೆ ಕತ್ತರಿಸಲು ಚಾಕು ಮುಟ್ಟುತ್ತಿರಲಿಲ್ಲ. ಬಚ್ಚಲ ಪಕ್ಕದ ಮಸೆಗಲ್ಲಿನ ಮೇಲೆ ನೀರು ಚಿಮುಕಿಸಿ, ಅಲಗನ್ನು ಹೆಚ್ಚುಕಡಿಮೆ ಮಲಗಿಸಿ, ನಿಧಾನವಾಗಿ ಮಸೆದು, ಕೊನೆಗೆ ಎಡ ಮುಂಗೈಯ ಕೂದಲಿನ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಮಾವಿನ ಕಸಿಯ ದಿನಗಳಲ್ಲಿ ಅಜ್ಜನ ಎಡ ಮುಂಗೈ ನುಣ್ಣಗಿರುತ್ತಿತ್ತು.

ಅಜ್ಜ ತೀರಿಹೋಗಿ ಎಷ್ಟೋ ವರ್ಷದ ಮೇಲೆ, ಬೆಸ್ಟ್‌ನಿಂದ ಊರಿನ ಆಯಿಗೆ, ಅಂದರೆ ಅಮ್ಮನಿಗೆ, ಫೋನು ಮಾಡಿದಾಗ ಆ ಚಾಕುವಿನ ಮಾತು ಬಂತು.

"ಅಜ್ಜನ ಚಾಕು ಎಲ್ಲಿದ್ದು ಆಯಿ?"

"ಯಾವ್ದು, ಕವಳದ ಸಂಚಿದಾ? ಅದ್ರಲ್ಲಿ ಎಂತ ಇದ್ದು ತಮಾ, ಪೂರಾ ಸವದು ಹೋಯ್ದು."

ಚಾಕು ಅಡುಗೆಮನೆಯ ಅಟ್ಟದಲ್ಲಿ ಒಲೆಯ ಹೊಗೆ ತಾಗುವ ಮೂಲೆಯಲ್ಲಿತ್ತು. ಆ ಮೂಲೆಯೇ ಚಾಕುವನ್ನು ಉಳಿಸಿದ್ದು. ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ಒರೆಸಿಟ್ಟ ಕತ್ತಿ ಬೆಳಗಾಗುವಷ್ಟರಲ್ಲಿ ಕೆಂಪಗಾಗುತ್ತದೆ. ಒಲೆಯ ಮೇಲಿನ ಅಟ್ಟ ಮಾತ್ರ ಆಷಾಢದಲ್ಲೂ ಒಣಗಿರುತ್ತದೆ. ಚಾಕುವಿನ ಅಲಗು ಮೊದಲಿನ ಅಗಲದಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಹೊಟ್ಟೆಯ ಭಾಗ ಒಳಬಾಗಿದೆ, ತುದಿ ಸೂಜಿಯಂತಾಗಿದೆ. ಹಿಡಿಯ ಒಂದು ಬದಿಯ ಕೊಂಬಿನ ಚೂರು ಬಿದ್ದುಹೋಗಿ, ಅಲ್ಲಿ ಊರಿನ ಆಚಾರಿಯೊಬ್ಬರು ಬೀಟೆ ಮರದ ತುಂಡು ಕೂರಿಸಿ ತಾಮ್ರದ ತಂತಿಯಿಂದ ರಿವೆಟ್ ಹೊಡೆದಿದ್ದಾರೆ. ಅಲಗಿನ ಬುಡದಲ್ಲಿ, ಭೂತಗನ್ನಡಿ ಹಿಡಿದರೆ, ಒಂದು ನಕ್ಷತ್ರ ಮತ್ತು ಒಂದು ಶಿಲುಬೆ ಕಾಣುತ್ತವೆ. ಇಂಗ್ಲೆಂಡಿನ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪನಿಗೆ 1764ರಲ್ಲಿ ಸಿಕ್ಕ ಗುರುತು ಅದು. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡದ್ದೆಂದು ಮನೆಯವರ ನೆನಪು.

ಬಣ್ಣ ಕಪ್ಪು. ಕೊಳೆಯ ಕಪ್ಪಲ್ಲ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಸೇರಿದಾಗ ಆಗುವ ಕಪ್ಪು. ಯುರೋಪಿನಲ್ಲಿ ಶತಮಾನಗಟ್ಟಲೆ ಬಳಸಿದ ಬರೆಯುವ ಶಾಯಿಯೂ ಇದೇ ರಸಾಯನ: ಓಕ್ ಮರದ ಗಂಟುಕಾಯಿಯ ಟ್ಯಾನಿನ್, ಕಬ್ಬಿಣದ ಉಪ್ಪು. ಆ ಶಾಯಿಯಲ್ಲಿ ಅದ್ದುವ ಬಾತುಗರಿಯ ಲೇಖನಿಯನ್ನು ಹೆರೆಯಲೆಂದೇ ಅಲ್ಲಿ ಪುಟ್ಟ ಕಿಸೆ ಚಾಕುಗಳು ಲಕ್ಷಾಂತರ ತಯಾರಾದವು. ನಮ್ಮ ಶಾನುಭೋಗರು ಲೆಕ್ಕಣಿಕೆ ಹೆರೆಯಲು ಇಟ್ಟುಕೊಂಡಿದ್ದೂ ಅಂಥದ್ದೇ. ಅಜ್ಜನ ಅಲಗಿನ ಮೇಲೆ ಹಾಗಾದರೆ ಶಾಯಿಯ ಪದರವೇ ಇದೆ. ಕಪ್ಪು ಪದರ ಕೂತ ಉಕ್ಕು ಕೆಂಪು ತುಕ್ಕಿಗೆ ಸುಲಭವಾಗಿ ಬಾಯಿ ಕೊಡುವುದಿಲ್ಲ. ಅದನ್ನು ಉಜ್ಜಿ ಬೆಳ್ಳಿಯಂತೆ ಹೊಳೆಯಿಸಿದರೆ ಚಾಕು ಚೆನ್ನಾಗಿ ಕಾಣುತ್ತದೆ, ರಕ್ಷಣೆಯೂ ಹೋಗುತ್ತದೆ, ಅಜ್ಜನೂ ಹೋಗುತ್ತಾರೆ.

ಇಲ್ಲಿಗೆ ಬರುತ್ತದೆ ಸಂಗ್ರಾಹಕರ ಜಗಳ. ಹಳೆಯ ಚಾಕುಗಳ ವ್ಯಾಪಾರದಲ್ಲಿ ಬೆಲೆ ಸಿಗುವುದು ಬಳಸದೇ ಉಳಿದ ಚಾಕುವಿಗೆ. ಡಬ್ಬಿಯಿಂದ ಹೊರಬರದ, ಮಸೆಗಲ್ಲು ಕಾಣದ, ಕಾರ್ಖಾನೆಯ ಎಣ್ಣೆಯೂ ಒಣಗದ ಚಾಕು ಶ್ರೇಷ್ಠ. ಅಲಗು ಸವೆದಷ್ಟೂ ಬೆಲೆ ಇಳಿಯುತ್ತದೆ; ಅರ್ಧ ಸವೆದರೆ ಬಿಡಿಭಾಗಗಳ ಲೆಕ್ಕ. ಅಮೆರಿಕದಲ್ಲಂತೂ ಕೇಸ್ ಕಂಪನಿಯ ಚಾಕುಗಳ ಬುಡದ ಮುದ್ರೆಯಲ್ಲಿ ಎಷ್ಟು ಚುಕ್ಕಿಗಳಿವೆ ಎಂದು ಎಣಿಸಿ ವರ್ಷ ಹೇಳುವವರಿದ್ದಾರೆ. ಸಂತೋಷ. ಆದರೆ ಕೆಲಸ ಮಾಡದ ಚಾಕುವನ್ನು ಕಾಪಾಡುವುದರಲ್ಲಿ ಏನು ಕಾಪಾಡಿದಂತಾಯಿತು ಎಂಬ ಪ್ರಶ್ನೆಗೆ ಈ ಬರಹದ ಲೇಖಕರಿಗೂ ಉತ್ತರ ಸಿಕ್ಕಿಲ್ಲ.

ನಮ್ಮಲ್ಲೂ ಇದೇ ಕಥೆ, ಬೇರೆ ರೂಪದಲ್ಲಿ. ಅಡಕತ್ತರಿಗಳನ್ನು ನೋಡಿ. ಗಿಳಿ, ಕುದುರೆ, ನವಿಲು, ಗಂಡಹೆಂಡಿರ ಜೋಡಿ ಹೀಗೆ ಹಿತ್ತಾಳೆಯಲ್ಲಿ ಎರಕ ಹೊಯ್ದ ಅಡಕತ್ತರಿಗಳು ಪುಣೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಮ್ಮಿನ ಹೆಮ್ಮೆ. ಧರ್ಮಸ್ಥಳದ ಮಂಜೂಷಾ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಇವೆಲ್ಲ ಹಳ್ಳಿಯ ಬಾಳಿನ ಸಲಕರಣೆಗಳನ್ನು ದೊಡ್ಡ ಮನಸ್ಸಿನಿಂದ ಕೂಡಿಟ್ಟಿವೆ. ಕೊಡಗಿನ ಪೀಚೆಕತ್ತಿ, ಒಡಿಕತ್ತಿಗಳಿಗೆ ಮದುವೆಯ ಉಡುಪಿನಲ್ಲಿ ಇವತ್ತಿಗೂ ಜಾಗವಿದೆ. ಆದರೆ ಸಂಚಿಯಲ್ಲಿ, ಸೊಂಟದ ಪಟ್ಟಿಯಲ್ಲಿ, ಅಂಗಿಯ ಕಿಸೆಯಲ್ಲಿ ಓಡಾಡಿದ ಮಡಚುವ ಚಾಕುವನ್ನು ಯಾರು ಎತ್ತಿಟ್ಟರು? ಚೆಂದವಿದ್ದದ್ದು ಉಳಿಯಿತು. ದುಡಿದದ್ದು ಗುಜರಿಗೆ ಹೋಯಿತು.

ಬೆಸ್ಟ್‌ನವರೂ ದುಡಿದ ಕತ್ತಿಗಳ ಊರಿನವರೇ. ಸುತ್ತಲಿನ ಪಾಪ್ಲರ್ ಮರಗಳಿಂದ ಮರದ ಪಾದರಕ್ಷೆ ಕೆತ್ತುವುದು ಒಂದು ಕಾಲದಲ್ಲಿ ಇಲ್ಲಿಯ ದೊಡ್ಡ ಕಸುಬು. ಅದಕ್ಕೆಂದೇ ಮ್ಯೂಸಿಯಂ ಮಾಡಿದ ಊರು ಇದು. ಹೊರಮೈ ಕೆತ್ತಲು ಬಳಸುತ್ತಿದ್ದ ಉದ್ದ ಕತ್ತಿಯ ಒಂದು ತುದಿಯ ಕೊಕ್ಕೆಯನ್ನು ದಿಮ್ಮಿಯ ಮೇಲಿನ ಬಳೆಗೆ ಸಿಕ್ಕಿಸಿ, ಇನ್ನೊಂದು ತುದಿಯ ಹಿಡಿಯನ್ನು ಒತ್ತುತ್ತಾರೆ. ನಡುವೆ ಹಿಡಿದ ಮರ ಸರಕ್ಕನೆ ಕೊಯ್ದು ಬರುತ್ತದೆ. ಬಲ ಕೆಲಸ ಮಾಡುವ ರೀತಿ ಥೇಟು ಅಡಕತ್ತರಿಯದೇ. 1930ರ ದಶಕದಲ್ಲಿ ಬಾಟಾ ಕಂಪನಿ ಇಲ್ಲಿ ಕಾರ್ಖಾನೆಯನ್ನೂ ಕೆಲಸಗಾರರಿಗೆ ಒಂದು ಪುಟ್ಟ ಊರನ್ನೂ ಕಟ್ಟಿತು. ಕೋಲ್ಕತ್ತದ ಬಳಿಯ ಬಾಟಾನಗರದ ಅಣ್ಣತಮ್ಮ ಅನ್ನಬಹುದಾದ ಆ ಬಾಟಾಡೋರ್ಪ್ ಈಗಲೂ ಇದೆ. ಮರದ ಪಾದರಕ್ಷೆ ಕೆತ್ತುವವರ ಕಸುಬು ಕರಗುತ್ತ ಬಂತು. ಕೆತ್ತುವವರ ಕಿಸೆ ಚಾಕುಗಳು ಏಪ್ರಿಲ್ 27ರ ಕಂಬಳಿಗಳಿಗೆ ಬಂದವು.

ಗುರುತು ಓದುವುದನ್ನು ಕಲಿಯಲು ಸಂಗ್ರಾಹಕರು ಹೋದದ್ದು ಜೋಲಿಂಗನ್‌ಗೆ. ಬೆಸ್ಟ್‌ನಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟರೆ ನೋಡಿಕೊಂಡು ಸಂಜೆಗೆ ಮರಳಬಹುದು. ಗ್ರೇಫ್ರಾಟ್ ಎಂಬಲ್ಲಿ, ಹಿಂದೆ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದಲ್ಲಿ, ಅಲಗುಗಳಿಗೆಂದೇ ಮೀಸಲಾದ ಮ್ಯೂಸಿಯಂ ಇದೆ. ಚಾಕುವಿನ ವಯಸ್ಸು ಹೇಳುವುದು ಬಹಳ ಮಟ್ಟಿಗೆ ಕಾನೂನಿನ ಓದು ಎಂಬುದು ಅವರಿಗೆ ಅರಿವಾಯಿತು. ಬ್ರಿಟನ್ 1887ರಲ್ಲಿ ಸರಕುಗಳ ಮುದ್ರೆಯ ಕಾಯಿದೆ ತಂದು ಪರದೇಶದ ಮಾಲಿಗೆ ದೇಶದ ಹೆಸರು ಹಾಕಿಸಿತು. ಅಮೆರಿಕದ 1890ರ ಸುಂಕದ ಕಾಯಿದೆ ಆಮದು ಸರಕಿಗೆಲ್ಲ ಅದನ್ನೇ ಕಡ್ಡಾಯ ಮಾಡಿತು. ಜೋಲಿಂಗನ್ ಎಂಬ ಹೆಸರಿಗೆ 1938ರಲ್ಲಿ ಕಾನೂನಿನ ರಕ್ಷಣೆ ಬಂತು. ತುಕ್ಕು ಹಿಡಿಯದ ಉಕ್ಕನ್ನು ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಕರಗಿಸಿದ್ದು 1913ರಲ್ಲಿ. ವಿಕ್ಟೋರಿನಾಕ್ಸ್ ತನ್ನ ಹೆಸರಿನ ಬಾಲಕ್ಕೆ 'ಇನಾಕ್ಸ್' ಸೇರಿಸಿಕೊಂಡದ್ದು 1921ರಲ್ಲಿ. ಹಾಗಾಗಿ ತುಕ್ಕು ಹಿಡಿಯದ ಅಲಗಿಟ್ಟುಕೊಂಡು 'ತಾತನ ತಾತನದು' ಎನ್ನುವ ಮಾರಾಟಗಾರನ ಮುಂದೆ ಸಂಗ್ರಾಹಕರು ನಕ್ಕು ಸುಮ್ಮನಾಗುತ್ತಾರೆ.

ಮಡಚುವ ಚಾಕುವಿನ ಹಿರಿತನ ಮಾತ್ರ ಇದಕ್ಕಿಂತ ಬಹಳ ಹಿಂದಿನದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕ, ಮೂಳೆ ಹಿಡಿಯ ಮಡಚುವ ಚಾಕು ಸುಮಾರು 2,500 ವರ್ಷ ಹಳೆಯದು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿ ರೋಮನ್ನರ ಕಾಲದ್ದೊಂದಿದೆ; ಬೆಳ್ಳಿಯ ಚೌಕಟ್ಟಿಗೆ ಚಾಕು, ಚಮಚ, ಮುಳ್ಳುಚಮಚ, ಕಡ್ಡಿ ಎಲ್ಲವೂ ಮಡಚಿಕೊಳ್ಳುತ್ತವೆ. 1897ರಲ್ಲಿ ಸ್ವಿಸ್ ಕಾರ್ಲ್ ಎಲ್ಸೆನರ್ ಅಧಿಕಾರಿಗಳ ಚಾಕುವಿಗೆ ಹಕ್ಕು ಪಡೆಯುವುದಕ್ಕೆ ಸಾವಿರದ ಆರುನೂರು ವರ್ಷ ಮೊದಲೇ ಯಾರೋ ಕಮ್ಮಾರ ಆ ಕೆಲಸ ಮುಗಿಸಿದ್ದ. ಶೆಫೀಲ್ಡ್‌ನ ರಾಜರ್ಸ್ ಕಂಪನಿ 1851ರ ಲಂಡನ್ ಪ್ರದರ್ಶನಕ್ಕೆ 75 ಅಲಗುಗಳ ಚಾಕು ಮಾಡಿ ಕಳಿಸಿದ್ದು ಬೇರೆ ಮಾತು. ಅದನ್ನು ಕಿಸೆಯಲ್ಲಿಡಲು ಆನೆಯ ಕಿಸೆ ಬೇಕು.

ಆದರೆ ಸಂಗ್ರಾಹಕರನ್ನು ಹಿಡಿದು ನಿಲ್ಲಿಸಿದ್ದು ಇವು ಯಾವುವೂ ಅಲ್ಲ, 1795ರ ಒಂದು ಪುಟ್ಟ ಚಾಕು. ಬೊಂಬಾಯಿಯಲ್ಲಿದ್ದ ಡಾ. ಹೆಲೆನಸ್ ಸ್ಕಾಟ್ ನಮ್ಮ ದೇಶದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ್ದರು. ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಯೋಗ ಮಾಡಿ ಪ್ರಬಂಧ ಓದಿದರು. ಆ ಪ್ರಯೋಗದ ಭಾಗವಾಗಿ, ಬ್ಯಾಂಕ್ಸ್ ಅಪೇಕ್ಷೆಯ ಮೇರೆಗೆ, ಲಂಡನ್ನಿನ ಚಾಕು ಕುಶಲಿ ಜೇಮ್ಸ್ ಸ್ಟೋಡಾರ್ಟ್ ಒಂದು ತುಂಡನ್ನು ಕಾಸಿ ಬಡಿದು ಮಾಡಿದ್ದು ಗರಿ ಹೆರೆಯುವ ಪುಟ್ಟ ಚಾಕು. ಅದರ ಹರಿತಕ್ಕೆ ಸೋತ ಸ್ಟೋಡಾರ್ಟ್ ಮುಂದೆ ತನ್ನ ಅಂಗಡಿಯ ಚೀಟಿಯಲ್ಲೇ ಭಾರತದ ಉಕ್ಕನ್ನು ಯುರೋಪಿನ ಉಕ್ಕಿಗಿಂತ ಮೇಲೆಂದು ಹೊಗಳಿ ಅಚ್ಚು ಹಾಕಿಸಿದ. ಮೈಕೆಲ್ ಫ್ಯಾರಡೆ ವಿದ್ಯುತ್ತಿನ ಕಡೆ ಪೂರ್ತಿ ತಿರುಗುವ ಮೊದಲು ಇದೇ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿನ ಮೇಲೆ ವರ್ಷಗಳ ಕಾಲ ದುಡಿದ. ಆಗ ಇಂಥ ಉಕ್ಕು ಕರಗುತ್ತಿದ್ದ ಸೀಮೆಗಳಲ್ಲಿ ಮೈಸೂರು ಒಂದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಮಣ್ಣಿನ ಪುಟ್ಟ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ಜೊತೆಗೆ ಆವರಿಕೆಯ ಕಡ್ಡಿ, ಹಸಿರೆಲೆ, ಬಾಯಿ ಮೆತ್ತಿ ಕುಲುಮೆಗೆ.

ಅಜ್ಜನಿಗೆ ಶೆಫೀಲ್ಡ್‌ನ ಚಾಕು ಜಾತ್ರೆಯಲ್ಲಿ ಸಿಗುವ ಹೊತ್ತಿಗೆ ಆ ಕುಲುಮೆಗಳು ಆರಿಹೋಗಿದ್ದವು. ಆ ಚಾಕುವಿನ ಹಿಡಿಯ ಕೊಂಬು ಮಾತ್ರ ಬಹುಶಃ ನಮ್ಮ ದೇಶದ್ದೇ. ಶೆಫೀಲ್ಡ್ ಮತ್ತು ಜೋಲಿಂಗನ್ ಎರಡೂ ಕಡೆ ಹಿಡಿಗೆ ಬಳಸುತ್ತಿದ್ದ ಜಿಂಕೆಕೊಂಬಿನಲ್ಲಿ ಭಾರತದ ಕಾಡುಗಳ ಕಡವೆಯ ಉದುರಿದ ಕೊಂಬಿಗೆ ಬಲು ಬೇಡಿಕೆ ಇತ್ತು, ಒಳಗೆ ಟೊಳ್ಳು ಕಡಿಮೆ ಎಂಬ ಕಾರಣಕ್ಕೆ. ಕೊಂಬಿನ ರಫ್ತು ನಿಂತು ದಶಕಗಳಾದವು. ಆನೆದಂತದ ಹಿಡಿಯದಂತೂ ಇನ್ನೂ ಕಟ್ಟುನಿಟ್ಟು. ಯುರೋಪ್ ಒಕ್ಕೂಟ 2022ರಿಂದ ನಿಯಮ ಬಿಗಿ ಮಾಡಿ, 1947ಕ್ಕೆ ಮೊದಲಿನ ಹಳೆಯ ವಸ್ತುವಿನ ಮಾರಾಟಕ್ಕೂ ಪ್ರಮಾಣಪತ್ರ ಕೇಳುತ್ತದೆ. ದಂತವೋ ಮೂಳೆಯೋ ಎಂದು ಅನುಮಾನವಿದ್ದರೆ ಭೂತಗನ್ನಡಿ ಸಾಕು: ಮೂಳೆಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀರು ಕಾಣುತ್ತವೆ; ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗುಗೆರೆಗಳ ಜಾಲ.

ಕಾನೂನಿನ ಮಾತು ಬಂತು; ಅದನ್ನು ಹೇಳುವ ಮೊದಲು ಯುದ್ಧಕಾಲದ ಒಂದು ಚಾಕುವಿನ ಕಥೆ ಹೇಳಬೇಕು. ಬೆಸ್ಟ್‌ನ ಜನ ಮರೆಯದ ತಾರೀಖು 1944ರ ಸೆಪ್ಟೆಂಬರ್ 17. ಅವತ್ತು ಮಧ್ಯಾಹ್ನ ಸೋನ್ ಮತ್ತು ಬೆಸ್ಟ್ ನಡುವಿನ ಬಯಲಿಗೆ ಅಮೆರಿಕದ 101ನೇ ಏರ್‌ಬೋರ್ನ್ ಡಿವಿಷನ್ನಿನ ಪ್ಯಾರಾಟ್ರೂಪರುಗಳು ಇಳಿದರು. ವಿಲ್ಹೆಲ್ಮಿನಾ ಕಾಲುವೆಯ ಸೇತುವೆಗಾಗಿ ಇಲ್ಲಿ ನಡೆದ ಕಾದಾಟದಲ್ಲಿ ಸೆಪ್ಟೆಂಬರ್ 19ರಂದು, ಗಾಯಗೊಂಡು ಎರಡೂ ಕೈಗಳಿಗೆ ಬಟ್ಟೆ ಸುತ್ತಿಸಿಕೊಂಡಿದ್ದ ಜೋ ಮ್ಯಾನ್ ಎಂಬ ಸೈನಿಕ, ಕಂದಕಕ್ಕೆ ಬಿದ್ದ ಗ್ರೆನೇಡಿನ ಮೇಲೆ ಬೆನ್ನು ಕೊಟ್ಟು ಜೊತೆಗಾರರನ್ನು ಉಳಿಸಿ ಸತ್ತ. ಅವನ ಸ್ಮಾರಕ ಬೆಸ್ಟ್‌ನ ಕಾಡಿನಲ್ಲಿದೆ. ಆ ಪಡೆಗಳವರಿಗೆ ಕೊಡುತ್ತಿದ್ದ ಸಲಕರಣೆಗಳಲ್ಲಿ ಒಂದು ಎಂ2 ಚಾಕು. ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ಅಲಗು ಹಾರಿ ತೆರೆದುಕೊಳ್ಳುವಂಥದ್ದು. ಮರಕ್ಕೆ ಸಿಕ್ಕಿಕೊಂಡ ಸೈನಿಕ ಒಂದೇ ಕೈಯಲ್ಲಿ ಪ್ಯಾರಾಚೂಟಿನ ಹಗ್ಗ ಕೊಯ್ಯಲೆಂದು ಅಂಗಿಯ ಕುತ್ತಿಗೆಯ ಬಳಿ ಅದಕ್ಕೊಂದು ಜಿಪ್ಪಿನ ಕಿಸೆಯನ್ನೇ ಹೊಲಿದಿದ್ದರು. ಇವತ್ತು ಅದೇ ಚಾಕು ಡಬ್ಬಿಯಲ್ಲಿ ಸಿಕ್ಕರೆ ಸಂಗ್ರಾಹಕರು ಮುಟ್ಟುವಂತಿಲ್ಲ. ಸ್ಪ್ರಿಂಗಿನಿಂದ ತೆರೆಯುವ ಚಾಕುವನ್ನು ಡಚ್ ಕಾನೂನು ಪೂರ್ತಿ ನಿಷೇಧಿಸಿದೆ. ಇತರ ಮಡಚುವ ಚಾಕು ಎರಡು ಬದಿ ಹರಿತವಿದ್ದರೆ ಅಥವಾ ತೆರೆದಾಗ 28 ಸೆಂಟಿಮೀಟರ್ ಮೀರಿದರೆ ಅದೂ ನಿಷಿದ್ಧ.

ಭಾರತದ ಶಸ್ತ್ರ ನಿಯಮಗಳು ಅಲಗಿನ ಉದ್ದ 9 ಇಂಚು ಅಥವಾ ಅಗಲ 2 ಇಂಚು ಮೀರಿದರೆ ಹುಬ್ಬೇರಿಸುತ್ತವೆ. ಅಡುಗೆ, ಕೃಷಿಯಂಥ ಕೆಲಸದ ಕತ್ತಿಗಳಿಗೆ ವಿನಾಯಿತಿ. ಹಳೇ ಹಿಂದಿ ಸಿನಿಮಾಗಳ ಖಳನ ಕೈಯಲ್ಲಿ ಕಟಕಟನೆ ತೆರೆಯುತ್ತಿದ್ದ ರಾಂಪುರಿ ಚಾಕುವಿನ ಊರು ಮಾತ್ರ ತನ್ನ ಕುಖ್ಯಾತಿಯನ್ನೇ ಕೀರ್ತಿ ಮಾಡಿಕೊಂಡಿದೆ. ಉತ್ತರ ಪ್ರದೇಶದ ಆ ರಾಂಪುರದ ಚೌಕದಲ್ಲಿ 2023ರಲ್ಲಿ ಸುಮಾರು 20 ಅಡಿ ಉದ್ದದ ಚಾಕುವನ್ನು ನಿಲ್ಲಿಸಿದ್ದಾರೆ.

ಇನ್ನು ಕಾಪಾಡುವ ಕೆಲಸ. ಐಂಡ್‌ಹೋವನ್ ಸುತ್ತಮುತ್ತ ಹಿಂದೆ ಚುಟ್ಟದ ಕಾರ್ಖಾನೆಗಳಿದ್ದವು. ಹಳೇ ಚುಟ್ಟದ ಮರದ ಪೆಟ್ಟಿಗೆಗಳು ಧಾರಾಳ. ಸಂಗ್ರಾಹಕರ ಚಾಕುಗಳು ಅವುಗಳಲ್ಲೇ ಇದ್ದವು. ಒಂದು ಚಳಿಗಾಲ ಪೆಟ್ಟಿಗೆ ತೆರೆದಾಗ ಕರ್ಪೂರದ ವಾಸನೆ. ಆಮೆಚಿಪ್ಪಿನ ಬಣ್ಣದ, ಬಲು ಚೆಂದದ ಹಿಡಿಯ ಒಂದು ಚಾಕುವಿನ ಹಿತ್ತಾಳೆ ಪಟ್ಟಿ ಹಸಿರಾಗಿತ್ತು, ಪಕ್ಕದ ಎರಡು ಚಾಕುಗಳ ಅಲಗು ಕೆಂಪು ತುಕ್ಕು ಕಾರುತ್ತಿದ್ದವು. ಹಿಡಿ ಸೆಲ್ಯುಲಾಯ್ಡಿನದು. ಹತ್ತಿ ನಾರು, ನೈಟ್ರಿಕ್ ಆಮ್ಲ, ಕರ್ಪೂರ ಸೇರಿಸಿ ಮಾಡಿದ ಈ ಪ್ಲಾಸ್ಟಿಕ್ಕು ವಯಸ್ಸಾದಂತೆ ಒಡೆದು ಆಮ್ಲದ ಹಬೆ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಹಬೆ ನೆರೆಯವರನ್ನು ತಿನ್ನುತ್ತದೆ. ಒಮ್ಮೆ ಶುರುವಾದರೆ ನಿಲ್ಲಿಸುವ ಔಷಧಿ ಇಲ್ಲ. ಅದನ್ನು ಪ್ರತ್ಯೇಕಿಸಿ, ಗಾಳಿಯಾಡುವ ತಂಪು ಜಾಗದಲ್ಲಿ, ಬೆಂಕಿಯಿಂದ ದೂರ ಇಡುವುದೊಂದೇ ದಾರಿ. ಸೆಲ್ಯುಲಾಯ್ಡ್ ಬೇಗ ಹೊತ್ತಿಕೊಳ್ಳುತ್ತದೆ ಕೂಡ.

ಎಣ್ಣೆಯ ವಿಚಾರದಲ್ಲಿ ಊರಿನ ಬುದ್ಧಿ ಇಲ್ಲಿ ನಡೆಯಲಿಲ್ಲ. ಆಯಿ ಹೇಳಿದ್ದು ಕೊಬ್ಬರಿ ಎಣ್ಣೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಬೆಸ್ಟ್‌ನಲ್ಲಿ ವರ್ಷದ ಹೆಚ್ಚು ಪಾಲು ಕೀಲಿನೊಳಗೆ ಇಳಿಯುವುದೇ ಇಲ್ಲ. ಶೇಂಗಾ, ಎಳ್ಳು ಮುಂತಾದ ಅಡುಗೆ ಎಣ್ಣೆಗಳು ಕಾಲಾಂತರದಲ್ಲಿ ಅಂಟಾಗಿ ಚಾಕು ತೆರೆಯದಂತೆ ಮಾಡುತ್ತವೆ. ಹೊಲಿಗೆ ಮಿಷನ್ನಿನ ಎಣ್ಣೆ ಖನಿಜ ಎಣ್ಣೆ; ಕೀಲಿಗೆ ಒಂದು ಹನಿ ಸಾಕು. ಅಲಗಿಗೆ ತೆಳುವಾಗಿ ಮೇಣ. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಾಲಯ 1950ರ ದಶಕದಲ್ಲಿ ರೂಪಿಸಿದ ಬಿಳಿ ಮೇಣವನ್ನು ಮ್ಯೂಸಿಯಮ್ಮಿನವರು ಇವತ್ತಿಗೂ ಬಳಸುತ್ತಾರೆ. ಕೆಂಪು ತುಕ್ಕಿದ್ದರೆ ಎಣ್ಣೆ ಹಾಕಿ ನೆನೆಯಲು ಬಿಟ್ಟು, ಅತಿ ನಯವಾದ ಉಕ್ಕಿನ ಉಣ್ಣೆಯಿಂದ ಮೆಲ್ಲಗೆ. ಕಪ್ಪನ್ನು ಮುಟ್ಟಬಾರದು. ಚರ್ಮದ ಚೀಲದಲ್ಲಿ ಇಟ್ಟು ಮರೆಯಬಾರದು. ಚರ್ಮ ತೇವ ಹೀರುತ್ತದೆ, ಹದ ಮಾಡಿದ ರಸಾಯನಗಳು ಅಲಗನ್ನು ಕೊರೆಯುತ್ತವೆ. ಆಯುಧ ಪೂಜೆಯ ದಿನ ಬೆಸ್ಟ್‌ನ ಮನೆಯಲ್ಲೂ ಪೆಟ್ಟಿಗೆಗಳು ದೇವರ ಮುಂದೆ ಬರುತ್ತವೆ. ಕುಂಕುಮ ಮಾತ್ರ ಪೆಟ್ಟಿಗೆಗೆ, ಅಲಗಿಗಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಪಾಲಿಶ್ ಚಕ್ರ. ಪಟ್ಟಣವೊಂದರ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ತಮ್ಮಲ್ಲಿದ್ದ ಚಾಕುಗಳನ್ನೆಲ್ಲ ವಿದ್ಯುತ್ ಚಕ್ರಕ್ಕೆ ಹಿಡಿದು ಕನ್ನಡಿ ಮಾಡಿ ಜೋಡಿಸಿದ್ದರು. ಮುದ್ರೆಗಳ ಅಂಚು ಕರಗಿ ಅಕ್ಷರ ಓದಲು ಬರುತ್ತಿರಲಿಲ್ಲ, ಅಲಗಿನ ಮೂಲೆಗಳು ದುಂಡಗಾಗಿದ್ದವು. ಯಾವ ವರ್ಷದ್ದು, ಯಾವ ಊರಿನದು, ಎಡಗೈಯವನದೋ ಬಲಗೈಯವನದೋ ಒಂದೂ ಉಳಿದಿರಲಿಲ್ಲ. ಮಸೆಯುವ ಕೈ ಯಾವುದೆಂಬುದು ಅಲಗು ಯಾವ ಮೈಯಲ್ಲಿ ಹೆಚ್ಚು ಸವೆದಿದೆ ಎಂಬುದರಿಂದ ಗೊತ್ತಾಗುತ್ತದೆ. ಅಜ್ಜನ ಚಾಕುವಿನಲ್ಲಿ ಸವೆತ ಬುಡದ ಕಡೆ ಹೆಚ್ಚು, ಯಾಕೆಂದರೆ ಕಸಿಯ ಕೊಯ್ತಕ್ಕೆ ಬಲ ಬೀಳುವುದು ಅಲ್ಲಿ. ಆಲೂಗಡ್ಡೆ ಚಾಕುವಿನಲ್ಲಿ ತುದಿ ಸವೆದಿರುತ್ತದೆ. ಹಗ್ಗ ಕೊಯ್ದ ರೈತನ ಚಾಕುವಿನಲ್ಲಿ ನಡು. ಹೊಸದಾಗಿ ಉಳಿದ ಚಾಕು ಕಾರ್ಖಾನೆಯ ಹೆಸರು ಮಾತ್ರ ಹೇಳೀತು. ಸವೆದದ್ದು ಕೆಲಸವನ್ನೂ ಹೇಳುತ್ತದೆ. ಸಂಗ್ರಹಕ್ಕೆ ಯೋಗ್ಯವಾದದ್ದು ಎರಡನೆಯದು ಎಂಬ ಅವರ ತೀರ್ಮಾನವನ್ನು ಒಪ್ಪದಿರಲು ಕಾರಣ ಕಾಣುವುದಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟ, ಹಳೇ ಟ್ರಂಕು, ಎಲೆಅಡಿಕೆ ಪೆಟ್ಟಿಗೆಗಳಲ್ಲಿ ಮಡಚುವ ಚಾಕು ಸಿಕ್ಕರೆ ಗುಜರಿಯವನಿಗೂ ಕೊಡಬೇಡಿ, ಸಾಣೆಯವನ ಚಕ್ರಕ್ಕೂ ಕೊಡಬೇಡಿ. ತೆರೆಯಲು ಬಾರದಿದ್ದರೆ ಬಲವಂತ ಮಾಡದೆ ಕೀಲಿಗೆ ಒಂದು ಹನಿ ಮಿಷನ್ ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ. ಒಣ ಬಟ್ಟೆಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿ. ಅದು ಯಾರದ್ದು, ಯಾವ ಊರಿನದು, ಅದರಲ್ಲಿ ಏನು ಕೊಯ್ಯುತ್ತಿದ್ದರು ಎಂದು ತಿಳಿದ ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಪೆನ್ಸಿಲಿನಲ್ಲೇ ಬರೆಯಿರಿ, ಬಾಲ್‌ಪೆನ್ನಿನ ಶಾಯಿ ಎಣ್ಣೆ ತಾಗಿದರೆ ಹರಡಿಹೋಗುತ್ತದೆ.